ದೀಪಕ್ಕೆಷ್ಟು ಯೂನಿಟ್? ಕುಳಗಿಯ ಮನೆಯೊಂದರ ಕರೆಂಟ್ ಲೆಕ್ಕ

ಒಂದು ದೀಪಕ್ಕೆ ತಿಂಗಳಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ತಿಳಿಯಲು ಮೂರು ಅಂಕಿ ಗೊತ್ತಿದ್ದರೆ ಸಾಕು. ದೀಪ ಎಷ್ಟು ವ್ಯಾಟಿನದು, ದಿನಕ್ಕೆ ಎಷ್ಟು ತಾಸು ಉರಿಯುತ್ತದೆ, ಒಂದು ಯೂನಿಟ್ಟಿನ ದರವೆಷ್ಟು. ವ್ಯಾಟನ್ನು ತಾಸಿನಿಂದಲೂ ತಿಂಗಳ ದಿನಗಳಿಂದಲೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಯೂನಿಟ್ಟನ್ನು ದರದಿಂದ ಗುಣಿಸಿದರೆ ರೂಪಾಯಿ. 60 ವ್ಯಾಟಿನ ಹಳೆಯ ತಂತಿ ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಇದ್ದರೆ 1.35 ಯೂನಿಟ್. ಬೆಳಕು ಎರಡರದ್ದೂ ಹೆಚ್ಚುಕಡಿಮೆ ಒಂದೇ, ಎಲ್‌ಇಡಿಯದ್ದೇ ಒಂದು ಕೈ ಮೇಲು.

ಗುಣಾಕಾರ ಸುಲಭ. ಆದರೆ ಆ ಮೂರು ಅಂಕಿಗಳಲ್ಲಿ ಒಂದೊಂದನ್ನೂ ಸರಿಯಾಗಿ ಹಿಡಿಯಲು ಸ್ವಲ್ಪ ತಿಳಿವಳಿಕೆ ಬೇಕು. ಮನೆ ಎಲ್ಲಿದೆ, ಮಾಡಿಗೆ ಎಂಥ ಹಂಚು, ಮಳೆಗಾಲ ಎಷ್ಟು ಉದ್ದ, ಬಿಲ್ಲಿನಲ್ಲಿ ಯಾವ ಸಾಲು ಏನು ಹೇಳುತ್ತದೆ ಎಂಬುದೆಲ್ಲ ಈ ಲೆಕ್ಕದೊಳಗೆ ಬರುತ್ತವೆ. ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಹೋಗುವ ರಸ್ತೆಯ ಮೇಲಿರುವ ಕುಳಗಿ ಇದಕ್ಕೆ ಒಳ್ಳೆಯ ಉದಾಹರಣೆ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದಿಂದಾಗಿ ಪ್ರವಾಸಿಗರಿಗೆ ಪರಿಚಿತವಾದ ಈ ಊರು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗಿದೆ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವುದು ರಾಜ್ಯದ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲೊಂದಾದ ನಾಗಝರಿ.

ಒಂದು ಯೂನಿಟ್ ಅಂದರೆ ಎಷ್ಟು ನೀರು

ಯೂನಿಟ್ ಎಂಬುದು ಸಾವಿರ ವ್ಯಾಟಿನ ಉಪಕರಣವೊಂದು ಒಂದು ತಾಸು ನಡೆದಾಗ ಖರ್ಚಾಗುವ ವಿದ್ಯುತ್. ಪಠ್ಯಪುಸ್ತಕದ ಈ ಮಾತು ನಾಗಝರಿಯ ಬಳಿ ಕಣ್ಣಿಗೆ ಕಾಣುವಂತಾಗುತ್ತದೆ. ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟುವ ಕಾಳಿ ನದಿಯ ನೀರನ್ನು ಸೂಪಾ ಅಣೆಕಟ್ಟು ಹಿಡಿದಿಡುತ್ತದೆ. ಕೆಳಗಿನ ಬೊಮ್ಮನಹಳ್ಳಿ ಜಲಾಶಯದಿಂದ ಅದು ಸುರಂಗದ ಮೂಲಕ ಹಾದು, ದಪ್ಪ ಕೊಳವೆಗಳಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕಿ ನಾಗಝರಿಯ ಯಂತ್ರಗಳನ್ನು ತಿರುಗಿಸುತ್ತದೆ. ಅಷ್ಟು ಎತ್ತರದಿಂದ ಬೀಳುವ ನೀರಿನಲ್ಲಿ ಒಂದು ಯೂನಿಟ್ ತೆಗೆಯಲು ಸುಮಾರು 1,200 ಲೀಟರ್ ಬೇಕಾಗುತ್ತದೆ. ಎತ್ತರ, ನೀರಿನ ತೂಕ, ಯಂತ್ರದ ದಕ್ಷತೆ ಇಷ್ಟನ್ನು ಇಟ್ಟುಕೊಂಡು ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ಈ ಅಂದಾಜು ಮಾಡಬಹುದು.

ಅಂದರೆ 60 ವ್ಯಾಟಿನ ಬಲ್ಬು ಸಂಜೆ 5 ತಾಸು ಉರಿದರೆ ನಾಗಝರಿಯಲ್ಲಿ 360 ಲೀಟರ್ ನೀರು ಇಳಿದಿರಬೇಕು. 9 ವ್ಯಾಟಿನ ಎಲ್‌ಇಡಿಗೆ 54 ಲೀಟರ್ ಸಾಕು. ತಂತಿಯಲ್ಲಿ ಬರುವಾಗ ಸೋರಿಹೋಗುವ ಪಾಲು ಇದರ ಮೇಲೆ.

ವಿದ್ಯುತ್ ಕೇಂದ್ರ ಹತ್ತಿರವಿದೆ ಎಂಬ ಕಾರಣಕ್ಕೆ ಕುಳಗಿಯ ಬಿಲ್ಲು ಕಡಿಮೆಯಾಗುವುದಿಲ್ಲ. ನಾಗಝರಿಯ ವಿದ್ಯುತ್ತು ದೊಡ್ಡ ಗೋಪುರಗಳ ಮೇಲಿನ ತಂತಿಗಳಲ್ಲಿ ರಾಜ್ಯದ ಜಾಲಕ್ಕೆ ಸೇರಿಬಿಡುತ್ತದೆ. ಊರಿಗೆ ಬರುವುದು ಸಬ್‌ಸ್ಟೇಷನ್ನಿನಿಂದ ಕಾಡು ಹಾದು ಬರುವ 11 ಕೆ.ವಿ. ಲೈನಿನಲ್ಲಿ, ಬೀದಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ದಾಟಿ. ಕಾಳಿ ಜಲವಿದ್ಯುತ್ ಯೋಜನೆಗಾಗಿ ಸೂಪಾ ಎಂಬ ಊರು ಪೂರ್ತಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಅಂಥ ತ್ಯಾಗ ಮಾಡಿದ ತಾಲ್ಲೂಕಿನ ಕಾಡೊಳಗಿನ ಕೆಲವು ಮಜರೆಗಳು ಬಹುಕಾಲ ಚಿಮಣಿ ಬುಡ್ಡಿಯಲ್ಲೂ ಆಮೇಲೆ ಸೋಲಾರ್ ದೀಪದಲ್ಲೂ ದಿನ ದೂಡಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ.

ವ್ಯಾಟ್: ಬರೆದದ್ದು ಮತ್ತು ಬರೆಯದೇ ಇದ್ದದ್ದು

ಮೊದಲ ಅಂಕಿ ಬಲ್ಬಿನ ಮೇಲೆಯೇ ಇರುತ್ತದೆ. ಎಲ್‌ಇಡಿಯಾದರೆ ಬಿಳಿ ಪ್ಲಾಸ್ಟಿಕ್ಕಿನ ಕುತ್ತಿಗೆಯ ಸುತ್ತ, ತಂತಿ ಬಲ್ಬಾದರೆ ಗಾಜಿನ ನೆತ್ತಿಯ ಮೇಲೆ. ಎರಡು ಕಡೆ ಮಾತ್ರ ಈ ಅಂಕಿ ದಾರಿ ತಪ್ಪಿಸುತ್ತದೆ.

ಒಂದು, ಹಳೆಯ ಟ್ಯೂಬ್‌ಲೈಟು. ಕೊಳವೆಯ ಮೇಲೆ 36 ಅಥವಾ 40 ವ್ಯಾಟ್ ಎಂದಿರುತ್ತದೆ. ಆದರೆ ಪಟ್ಟಿಯೊಳಗೆ ತಾಮ್ರದ ಚೋಕ್ ಒಂದಿದೆ. ಅದು ಬಿಸಿಯಾಗುವುದು ಪುಕ್ಕಟೆಯಲ್ಲ. ಚೋಕ್ ಸೇರಿಸಿ ಒಂದು ಟ್ಯೂಬಿಗೆ 50 ವ್ಯಾಟ್ ಎಂದು ಹಿಡಿಯುವುದು ಕ್ಷೇಮ. ಈಗಿನ ಎಲ್‌ಇಡಿ ಟ್ಯೂಬು 20 ವ್ಯಾಟಿನಲ್ಲಿ ಕೋಣೆಯನ್ನು ಅಷ್ಟೇ ಬೆಳಗುತ್ತದೆ. ಹಳೆಯ ಟ್ಯೂಬು ಸುತ್ತಲೂ ಬೆಳಕು ಚೆಲ್ಲಿ ಅರ್ಧವನ್ನು ಗೋಡೆಗೂ ಮಾಡಿಗೂ ಕೊಡುತ್ತಿತ್ತು. ಎಲ್‌ಇಡಿ ಕೆಳಮುಖವಾಗಿ ಬೆಳಗುತ್ತದೆ.

ಎರಡು, ಝೀರೋ ಬಲ್ಬು. ದೇವರ ಕೋಣೆಯಲ್ಲಿ, ನಡುಮನೆಯ ಬಾಗಿಲ ಮೇಲೆ, ಮಕ್ಕಳು ಮಲಗುವಲ್ಲಿ ಕೆಂಪು ಇಲ್ಲವೇ ಹಸಿರು ಬಣ್ಣದಲ್ಲಿ ಉರಿಯುವ ಈ ಬಲ್ಬಿಗೆ ಕರೆಂಟೇ ಬೇಡ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ನಿಜದಲ್ಲಿ ಹಳೆಯ ತಂತಿಯ ಝೀರೋ ಬಲ್ಬು 12ರಿಂದ 15 ವ್ಯಾಟ್ ತಿನ್ನುತ್ತದೆ. ಚಕ್ರ ತಿರುಗುವ ಹಳೆಯ ಮೀಟರುಗಳು ಇಷ್ಟು ಸಣ್ಣ ಹೊರೆಯನ್ನು ಸರಿಯಾಗಿ ಗುರುತಿಸುತ್ತಿರಲಿಲ್ಲ. ಈಗಿನ ಎಲೆಕ್ಟ್ರಾನಿಕ್ ಮೀಟರು ಗುರುತಿಸುತ್ತದೆ. ದೇವರ ಮುಂದೆ ಹಗಲಿರುಳೂ ಉರಿಯುವ 15 ವ್ಯಾಟಿನ ಝೀರೋ ಬಲ್ಬು ತಿಂಗಳಿಗೆ 10.8 ಯೂನಿಟ್ ನುಂಗುತ್ತದೆ. ಅದೇ ಜಾಗಕ್ಕೆ ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ 0.36 ಯೂನಿಟ್.

ತಂತಿ ಬಲ್ಬು ಇಷ್ಟೊಂದು ತಿನ್ನುವುದಕ್ಕೆ ಕಾರಣ ಅದರ ಹುಟ್ಟುಗುಣ. ಟಂಗ್‌ಸ್ಟನ್ ತಂತಿ ಕಾದು ಕೆಂಪಾಗಿ ಬೆಳ್ಳಗಾದಾಗ ಬೆಳಕು ಬರುತ್ತದೆ; ಒಳಗೆ ಹೋದ ವಿದ್ಯುತ್ತಿನಲ್ಲಿ ನೂರಕ್ಕೆ ಐದು ಪಾಲಿನಷ್ಟು ಕಣ್ಣಿಗೆ ಕಾಣುವ ಬೆಳಕಾಗಿ, ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ. ಕರ್ನಾಟಕದಲ್ಲಿ 2015ರ ಕೊನೆಯಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಲು ಶುರುಮಾಡಿದ್ದು ಈ ನಷ್ಟವನ್ನು ತಪ್ಪಿಸಲಿಕ್ಕೆ. ಕೇಂದ್ರದ ಉಜಾಲಾ ಯೋಜನೆಯ ರಾಜ್ಯದ ರೂಪ ಅದು.

ಬಲ್ಬು ಕೊಳ್ಳುವಾಗ ವ್ಯಾಟ್ ನೋಡುವುದು ಹಳೆಯ ರೂಢಿ. ವ್ಯಾಟ್ ಹೇಳುವುದು ಖರ್ಚನ್ನು. ಬೆಳಕನ್ನು ಹೇಳುವುದು ಲ್ಯೂಮೆನ್. 60 ವ್ಯಾಟಿನ ತಂತಿ ಬಲ್ಬು 700 ಲ್ಯೂಮೆನ್ ಆಸುಪಾಸಿನಲ್ಲಿ ಕೊಡುತ್ತದೆ, ಒಳ್ಳೆಯ 9 ವ್ಯಾಟಿನ ಎಲ್‌ಇಡಿ 900ರ ಹತ್ತಿರ. ಡಬ್ಬಿಯ ಮೇಲೆ ಲ್ಯೂಮೆನ್ ಮತ್ತು ಸ್ಟಾರ್ ಗುರುತು ಎರಡೂ ಇಲ್ಲದ ಬಲ್ಬನ್ನು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವುದರಲ್ಲಿ ಲಾಭವಿಲ್ಲ.

ತಾಸು: ಕಾಡಿನ ಊರಿನ ಲೆಕ್ಕ ಬೇರೆ

ಎರಡನೆಯ ಅಂಕಿಯೇ ಎಲ್ಲರೂ ತಪ್ಪುವ ಜಾಗ. ದೀಪ ಎಷ್ಟು ತಾಸು ಉರಿಯುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಂಜೆಯದ್ದನ್ನು ಮಾತ್ರ ಹೇಳುತ್ತಾರೆ. ಬೆಳಗಿನ ಜಾವದ ಅಡುಗೆಮನೆ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತು, ಬಚ್ಚಲಲ್ಲಿ ಮರೆತು ಬಿಟ್ಟದ್ದು ಬಿಟ್ಟುಹೋಗುತ್ತವೆ.

ದಾಂಡೇಲಿ ಸೀಮೆಯಲ್ಲಿ ನವೆಂಬರ್ ಕೊನೆಯಲ್ಲಿ ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗಿದರೆ, ಜುಲೈನಲ್ಲಿ 7 ದಾಟಿದ ಮೇಲೆ. ಪಂಚಾಂಗ ನೋಡಿ ಲೆಕ್ಕ ಹಾಕಿದರೆ ಮಳೆಗಾಲದಲ್ಲಿ ದೀಪದ ಖರ್ಚು ಕಡಿಮೆಯಾಗಬೇಕು. ಆಗುವುದು ಅದರ ತದ್ವಿರುದ್ಧ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಮೋಡ ಕವಿದೇ ಇರುತ್ತದೆ. ಮೇಲೆ ಸಾಗವಾನಿ, ಮತ್ತಿ, ಬಿದಿರಿನ ನೆರಳು. ಮಳೆಯ ಎರಚಲಿಗೆ ಜಗಲಿಯ ಮುಂದೆ ಕಟ್ಟಿದ ತಟ್ಟಿ ಅಥವಾ ಪ್ಲಾಸ್ಟಿಕ್ ಹಾಳೆ ಇದ್ದ ಬೆಳಕನ್ನೂ ತಡೆಯುತ್ತದೆ. ಹೊಗೆ ಹಿಡಿದ ಅಡುಗೆಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಸ್ವಿಚ್ ಒತ್ತಬೇಕು. ಹಗಲು ಉದ್ದವಿದ್ದೂ ದೀಪ ಹೆಚ್ಚು ಉರಿಯುವ ತಿಂಗಳುಗಳು ಇವು. ಆದ್ದರಿಂದ ಈ ಭಾಗದಲ್ಲಿ ವರ್ಷಕ್ಕೆ ಒಂದೇ ಅಂದಾಜು ಸಾಲದು. ಮಳೆಗಾಲಕ್ಕೆ ಒಂದು, ಉಳಿದ ತಿಂಗಳಿಗೆ ಇನ್ನೊಂದು ಬೇಕು.

ಹಂಚಿನ ಮನೆಗಳಲ್ಲಿ ಇದಕ್ಕೆ ಹಿಂದಿನವರೇ ಕಂಡುಕೊಂಡ ಪರಿಹಾರವಿದೆ: ಗಾಜಿನ ಹಂಚು. ಒಲೆಯ ಮೇಲ್ಭಾಗದಲ್ಲಿ ಒಂದು, ನಡುಮನೆಯಲ್ಲಿ ಒಂದು ಮಣ್ಣಿನ ಹಂಚು ತೆಗೆದು ಗಾಜಿನದನ್ನು ಕೂರಿಸಿದರೆ ಮೋಡದ ದಿನವೂ ಅದರಡಿಯಲ್ಲಿ ಅಕ್ಕಿ ಆರಿಸುವಷ್ಟು ಬೆಳಕು ಬೀಳುತ್ತದೆ. ಒಳಮುಖಕ್ಕೆ ಮಸಿ, ಹೊರಮುಖಕ್ಕೆ ಪಾಚಿ ಹಿಡಿಯುತ್ತದೆ. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ಹಂಚು ಕೈಯಾಡಿಸುವಾಗಲೇ ಒರೆಸಿಟ್ಟರೆ ಆಯಿತು. ಹಗಲು ಮೂರು ತಾಸು ಉರಿಯುತ್ತಿದ್ದ 20 ವ್ಯಾಟಿನ ಟ್ಯೂಬು ಇದರಿಂದ ಆರಿದರೆ ತಿಂಗಳಿಗೆ 1.8 ಯೂನಿಟ್ ಉಳಿಯಿತು. ಮೊತ್ತ ಸಣ್ಣದು, ಸಿಗುವ ಬೆಳಕು ಮಾತ್ರ ಯಾವ ಬಲ್ಬಿಗೂ ಕಡಿಮೆಯಲ್ಲ. ಬಲ್ಬಿನ ಮೇಲೆ ಕೂತ ಮಸಿ, ದೂಳು, ಸತ್ತ ಹುಳುಗಳನ್ನು ತೆಗೆಯುವುದಕ್ಕೂ ಇದೇ ಮಾತು ಸಲ್ಲುತ್ತದೆ. ಮಸಿ ಹಿಡಿದ ಬಲ್ಬು ಪೂರ್ತಿ ವ್ಯಾಟ್ ತಿಂದು ಅರೆಬರೆ ಬೆಳಕು ಕೊಡುತ್ತದೆ.

ಟ್ಯೂಬ್‌ಲೈಟನ್ನು ಪದೇ ಪದೇ ಆರಿಸಿ ಹಚ್ಚಿದರೆ ಹೆಚ್ಚು ಕರೆಂಟ್ ಹೋಗುತ್ತದೆ, ಆದ್ದರಿಂದ ಉರಿಯಲು ಬಿಡುವುದೇ ಮೇಲು ಎಂಬ ಮಾತು ಇನ್ನೂ ಕೇಳಿಬರುತ್ತದೆ. ಹತ್ತುವಾಗ ಎಳೆಯುವ ಹೆಚ್ಚಿನ ವಿದ್ಯುತ್ತು ಕೆಲವು ಸೆಕೆಂಡಿನ ಉರಿಗೆ ಸಮ. ಕೋಣೆಯಿಂದ ಎದ್ದು ಹೋಗುವಾಗ ಆರಿಸುವುದರಲ್ಲಿ ಯಾವ ನಷ್ಟವೂ ಇಲ್ಲ.

ದರ: ಬಿಲ್ಲಿನ ಸಾಲುಗಳು

ಉತ್ತರ ಕನ್ನಡ ಜಿಲ್ಲೆಗೆ ವಿದ್ಯುತ್ ಕೊಡುವುದು ಹುಬ್ಬಳ್ಳಿಯ ಹೆಸ್ಕಾಂ. ದರವನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. 2024ರ ಏಪ್ರಿಲ್‌ಗೆ ಮೊದಲು ಮನೆ ಬಳಕೆಗೆ ಹಂತಹಂತದ ಸ್ಲ್ಯಾಬ್ ದರ ಇತ್ತು. ಆಗ ಒಂದು ದೀಪದ ಖರ್ಚು ಹೇಳುವುದು ಕಷ್ಟ. ಮನೆಯ ಒಟ್ಟು ಬಳಕೆ ಯಾವ ಹಂತದಲ್ಲಿದೆ ಎಂಬುದರ ಮೇಲೆ ದರ ಬದಲಾಗುತ್ತಿತ್ತು. ಈಗ ಎಷ್ಟೇ ಬಳಸಲಿ ಯೂನಿಟ್ಟಿಗೆ ಒಂದೇ ದರ. 2025ರ ಏಪ್ರಿಲ್‌ನಿಂದ ಆರಂಭವಾದ ವರ್ಷಕ್ಕೆ ಅದು 5 ರೂಪಾಯಿ 80 ಪೈಸೆ. ಇದರ ಮೇಲೆ ಶೇ 9ರ ವಿದ್ಯುತ್ ತೆರಿಗೆ, ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬತ್ತು 36 ಪೈಸೆ. ಎಲ್ಲ ಕೂಡಿದರೆ 6 ರೂಪಾಯಿ 68 ಪೈಸೆ. ಇಂಧನ ಮತ್ತು ವಿದ್ಯುತ್ ಖರೀದಿಯ ಹೊಂದಾಣಿಕೆ ಎಂದು ಕೆಲವು ಪೈಸೆ ತಿಂಗಳಿನಿಂದ ತಿಂಗಳಿಗೆ ಏರಿಳಿಯುತ್ತದೆ. ಮನೆಯ ಅಂದಾಜಿಗೆ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಬಾಯಿಲೆಕ್ಕವೂ ಸುಲಭ, ತಪ್ಪೂ ಹೆಚ್ಚಾಗದು.

ನಿಗದಿತ ಶುಲ್ಕ ಬೇರೆಯೇ ಸಂಗತಿ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ಅದೇ ವರ್ಷದ ದರ. ದೀಪ ಒಂದೂ ಹತ್ತದಿದ್ದರೂ, ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದಿದ್ದರೂ ಅದು ಬರುತ್ತದೆ. ಇದನ್ನು ದೀಪದ ಖರ್ಚಿಗೆ ಸೇರಿಸಬಾರದು, ಏಕೆಂದರೆ ಬಲ್ಬು ಬದಲಿಸಿದರೆ ಅದು ಇಳಿಯುವುದಿಲ್ಲ.

ಒಂದು ಮನೆ, ಏಳು ದೀಪ

ಕುಳಗಿಯಂಥ ಊರಿನ ಸಾಧಾರಣ ಮನೆಯೊಂದನ್ನು ಎತ್ತಿಕೊಂಡು ಲೆಕ್ಕ ಹಾಕಿ ನೋಡಬಹುದು. ಅಡುಗೆಮನೆಯಲ್ಲಿ 20 ವ್ಯಾಟಿನ ಎಲ್‌ಇಡಿ ಟ್ಯೂಬು. ಬೆಳಿಗ್ಗೆ ಎರಡು, ಸಂಜೆ ಮೂರು, ಒಟ್ಟು 5 ತಾಸು. ತಿಂಗಳಿಗೆ 3 ಯೂನಿಟ್. ನಡುಮನೆಯಲ್ಲಿ ಅಂಥದೇ ಟ್ಯೂಬು 4 ತಾಸು, 2.4 ಯೂನಿಟ್. ಜಗಲಿಯಲ್ಲಿ 9 ವ್ಯಾಟಿನ ಬಲ್ಬು 4 ತಾಸು, 1.08. ಮಲಗುವ ಕೋಣೆಯಲ್ಲಿ ಅದೇ ಬಲ್ಬು 2 ತಾಸು, 0.54. ಬಚ್ಚಲಿನಲ್ಲಿ 1 ತಾಸು, 0.27. ಅಂಗಳದಲ್ಲಿ ರಾತ್ರಿಯಿಡೀ 11 ತಾಸು ಉರಿಯುವ 9 ವ್ಯಾಟಿನ ಬಲ್ಬಿಗೆ 2.97. ದೇವರ ಕೋಣೆಯ ಅರ್ಧ ವ್ಯಾಟಿನದಕ್ಕೆ 0.36. ಎಲ್ಲ ಸೇರಿ 10.62 ಯೂನಿಟ್, ಸುಮಾರು 74 ರೂಪಾಯಿ.

ಇದೇ ಮನೆಯಲ್ಲಿ, ಇದೇ ತಾಸುಗಳಿಗೆ, ಹಳೆಯ ದೀಪಗಳಿದ್ದವು ಎಂದುಕೊಂಡರೆ? ಚೋಕಿನ ಟ್ಯೂಬು ಎರಡಕ್ಕೆ 13.5 ಯೂನಿಟ್. 60 ವ್ಯಾಟಿನ ನಾಲ್ಕು ಬಲ್ಬುಗಳಿಗೆ 32.4, ಇದರಲ್ಲಿ ಅಂಗಳದ ಒಂದೇ ಬಲ್ಬಿನದು 19.8. ಝೀರೋ ಬಲ್ಬು 10.8. ಒಟ್ಟು 56.7 ಯೂನಿಟ್, ಸುಮಾರು 397 ರೂಪಾಯಿ. ತಿಂಗಳಿಗೆ ಸುಮಾರು 323 ರೂಪಾಯಿಯ ಅಂತರ.

ಈ ಲೆಕ್ಕದಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಒಟ್ಟು ಮೊತ್ತಕ್ಕಿಂತ ಅದರೊಳಗಿನ ಹಂಚಿಕೆ. ಹಳೆಯ ದೀಪಗಳ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಹೋಗಿದ್ದು ಯಾರೂ ಕೂತು ಓದದ, ಯಾರೂ ಅಡುಗೆ ಮಾಡದ ಎರಡು ದೀಪಗಳಿಗೆ: ಅಂಗಳದ್ದು ಮತ್ತು ದೇವರ ಕೋಣೆಯದು. ಹೆಚ್ಚು ಹೊತ್ತು ಉರಿಯುವುದರಿಂದ ಅವು ಇಷ್ಟು ತಿನ್ನುತ್ತವೆ. ಬಲ್ಬು ಬದಲಿಸಲು ಹೊರಟವರು ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಎಲ್‌ಇಡಿಗೆ 100 ರೂಪಾಯಿ ಕೊಟ್ಟರು ಎಂದು ಹಿಡಿದರೆ, ಅಂಗಳದ 60 ವ್ಯಾಟಿನ ಬಲ್ಬಿನ ಜಾಗದಲ್ಲಿ ಅದು 26 ದಿನಕ್ಕೆ ತನ್ನ ಬೆಲೆ ತೀರಿಸುತ್ತದೆ. ಬಚ್ಚಲಿಗೆ ಹಾಕಿದರೆ 280 ದಿನ ಬೇಕು. ಕೈಯಲ್ಲಿ ಒಂದೇ ಬಲ್ಬಿನ ಹಣವಿದ್ದರೆ ಅದು ಅಂಗಳಕ್ಕೆ ಹೋಗಬೇಕು.

ಕಾಡಂಚಿನ ಮನೆಗೆ ಅಂಗಳದ ದೀಪ ಶೋಕಿಯ ವಸ್ತುವಲ್ಲ. ರಾತ್ರಿ ಹೊರಗೆ ಕಾಲಿಡುವಾಗ ಹಾವು ಕಾಣಬೇಕು, ಹಂದಿ ಬಂದರೆ ಗೊತ್ತಾಗಬೇಕು. ಅದನ್ನು ಆರಿಸಿ ಎಂದು ಹೇಳುವುದು ಸರಿಯಲ್ಲ. ಬಲ್ಬಿಗೆ ತಗಡಿನ ಮುಸುಕು ಹಾಕಿ ಬೆಳಕು ಕೆಳಗೆ ಅಂಗಳಕ್ಕೆ ಮಾತ್ರ ಬೀಳುವಂತೆ ಮಾಡಿದರೆ 5 ವ್ಯಾಟಿನ ಬಲ್ಬೇ ಸಾಕಾಗುತ್ತದೆ. ಕಾಡಿನತ್ತ ಚೆಲ್ಲುವ ಬೆಳಕು ರಾತ್ರಿ ಸಂಚರಿಸುವ ಜೀವಿಗಳಿಗೆ ತೊಂದರೆ, ಹುಳುಗಳಿಗೆ ಸಾವು. ಹೋಮ್‌ಸ್ಟೇ, ರೆಸಾರ್ಟುಗಳ ಹೊರದೀಪಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಗೃಹಜ್ಯೋತಿಯ ಮಿತಿ

ಬಿಲ್ಲೇ ಸೊನ್ನೆ ಬರುವಾಗ ಈ ಲೆಕ್ಕವೆಲ್ಲ ಏಕೆ ಎಂಬ ಪ್ರಶ್ನೆ ಸಹಜ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯನ್ನು 200 ಯೂನಿಟ್ ಉಚಿತ ಎಂದು ಎಲ್ಲರೂ ನೆನಪಿಟ್ಟಿದ್ದಾರೆ. ನಿಯಮ ಹಾಗಿಲ್ಲ. 2022–23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ಬರುವುದೇ ಆ ಮನೆಯ ಉಚಿತ ಮಿತಿ. ಕಡಿಮೆ ಬಳಸುವವರಿಗೆ ಶೇ 10 ತೀರಾ ಸಣ್ಣದಾಗುತ್ತದೆಂದು, 48 ಯೂನಿಟ್ಟಿಗಿಂತ ಕಡಿಮೆ ಸರಾಸರಿ ಇದ್ದ ಮನೆಗಳಿಗೆ 10 ಯೂನಿಟ್ ಹೆಚ್ಚುವರಿ ಕೊಡಲು 2024ರ ಆರಂಭದಲ್ಲಿ ತೀರ್ಮಾನವಾಯಿತು. ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗಳಿಗೆ 58 ಯೂನಿಟ್.

ಸರಾಸರಿ 42 ಯೂನಿಟ್ ಇದ್ದ ಮನೆಗೆ ಹಾಗಾದರೆ 52 ಯೂನಿಟ್ ಉಚಿತ. ಜುಲೈನಲ್ಲಿ ಹಗಲೂ ದೀಪ ಉರಿದು 60 ಆಯಿತೆಂದರೆ ಹೆಚ್ಚಾದ 8 ಯೂನಿಟ್ಟಿಗೆ ಹಣ ಕಟ್ಟಬೇಕು. ಅಂಗಳದ ಹಳೆಯ ಬಲ್ಬೊಂದನ್ನು ಬದಲಿಸಿದ್ದರೆ ಸುಮಾರು 17 ಯೂನಿಟ್ ಇಳಿದು ಬಿಲ್ಲು ಸೊನ್ನೆಯಲ್ಲೇ ನಿಲ್ಲುತ್ತಿತ್ತು. ಇನ್ನೊಂದು ತುದಿಯಲ್ಲಿ, ಫ್ರಿಜ್ಜು, ಗೀಸರು, ಪಂಪು ಇಟ್ಟುಕೊಂಡ ಪೇಟೆಯ ಮನೆ 198ರಲ್ಲಿದ್ದರೆ ಒಂದು ಮಾತು, 203 ಆದರೆ ಬೇರೆಯೇ ಮಾತು. 200 ದಾಟಿದ ತಿಂಗಳಲ್ಲಿ ಉಚಿತವೇ ಇಲ್ಲ. ಪೂರ್ತಿ 203 ಯೂನಿಟ್ಟಿಗೂ ನಿಗದಿತ ಶುಲ್ಕಕ್ಕೂ ಕೂಡಿ 1,500 ರೂಪಾಯಿ ಮೀರುತ್ತದೆ. ಅಲ್ಲಿ ಝೀರೋ ಬಲ್ಬಿನ 10 ಯೂನಿಟ್ಟಿನ ಬೆಲೆ 70 ರೂಪಾಯಿಯಾಗಿ ಉಳಿಯುವುದಿಲ್ಲ.

ಹಿಂದಿನ ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕಗಳಿಗೆ ಮೊದಲಿಗೆ ತಿಂಗಳಿಗೆ 18 ಯೂನಿಟ್ ಉಚಿತವಿತ್ತು, ಮುಂದೆ ಅದು 40 ಆಯಿತು. 60 ವ್ಯಾಟಿನ ಒಂದೇ ಬಲ್ಬು ದಿನಕ್ಕೆ 10 ತಾಸು ಉರಿದರೆ ಆ 18 ಯೂನಿಟ್ ಮುಗಿಯುತ್ತದೆ. ಅದೇ 18 ಯೂನಿಟ್ಟಿನಲ್ಲಿ ಇವತ್ತು ಮೇಲೆ ಹೇಳಿದ ಏಳು ದೀಪದ ಮನೆ ಬೆಳಗಿ ಇನ್ನೂ 7 ಯೂನಿಟ್ ಉಳಿಯುತ್ತದೆ. ಬಡವರ ಮನೆಯ ಬೆಳಕಿನಲ್ಲಿ ಆದ ಈ ಬದಲಾವಣೆ ದೊಡ್ಡದು, ಅದರಲ್ಲಿ ಬಲ್ಬಿನ ಪಾಲು ಯೋಜನೆಗಳಷ್ಟೇ ಇದೆ.

ಮೀಟರಿನ ಕೆಂಪು ಚುಕ್ಕೆ

ಕಾಗದದ ಲೆಕ್ಕ ಸರಿಯೋ ತಪ್ಪೋ ಎಂದು ಮೀಟರನ್ನೇ ಕೇಳಿ ನೋಡುವ ದಾರಿಯೊಂದಿದೆ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂದು ಅಚ್ಚಾಗಿರುತ್ತದೆ. ಮನೆ ಮೀಟರುಗಳಲ್ಲಿ 3200 ಅಥವಾ 1600 ಸಾಮಾನ್ಯ. ಸಂಜೆ ಹೊತ್ತಿನಲ್ಲಿ ಫ್ಯಾನು, ಟಿ.ವಿ., ಫ್ರಿಜ್ಜು, ಚಾರ್ಜರುಗಳನ್ನೆಲ್ಲ ನಿಲ್ಲಿಸಿ, ದಿನನಿತ್ಯದ ದೀಪಗಳನ್ನು ಮಾತ್ರ ಹಚ್ಚಿ, ಗಡಿಯಾರ ಹಿಡಿದು 10 ನಿಮಿಷ ಎಣಿಸಬೇಕು. 3200ರ ಮೀಟರಿನಲ್ಲಿ 40 ಮಿಟುಕು ಕಂಡರೆ ತಾಸಿಗೆ 240. 240ನ್ನು 3200ರಿಂದ ಭಾಗಿಸಿದರೆ 0.075 ಕಿಲೋವ್ಯಾಟ್, ಅಂದರೆ 75 ವ್ಯಾಟ್. ಬಲ್ಬುಗಳ ಮೇಲಿನ ಅಂಕಿಗಳನ್ನು ಕೂಡಿದಾಗಲೂ ಇದರ ಹತ್ತಿರವೇ ಬರಬೇಕು.

ಎಲ್ಲವನ್ನೂ ಆರಿಸಿದ ಮೇಲೂ ಮಿಟುಕು ನಿಲ್ಲದಿದ್ದರೆ ಎಲ್ಲೋ ಯಾವುದೋ ಉಪಕರಣ ನಡೆಯುತ್ತಿದೆ, ಅಥವಾ ವಯರಿಂಗಿನಲ್ಲಿ ಸೋರಿಕೆಯಿದೆ. ಮಳೆಗಾಲದಲ್ಲಿ ಒದ್ದೆ ಗೋಡೆಯೊಳಗಿನ ಹಳೆಯ ವಯರಿನಿಂದ ಹೀಗಾಗುವುದುಂಟು. ಅದು ಹಣದ ಪ್ರಶ್ನೆಗಿಂತ ಮೊದಲು ಜೀವದ ಪ್ರಶ್ನೆ. ತಡಮಾಡದೆ ತಿಳಿದ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಮಕ್ಕಳಿಗೆ ಈ ಎಣಿಕೆ ಹೇಳಿಕೊಟ್ಟರೆ ಭಾಗಾಕಾರವೂ ಬರುತ್ತದೆ, ಮನೆಯ ಖರ್ಚೂ ತಿಳಿಯುತ್ತದೆ. ಮೀಟರ್ ಬೋರ್ಡನ್ನು ಮುಟ್ಟದೆ, ದೂರ ನಿಂತು ನೋಡಬೇಕೆಂದು ಮೊದಲೇ ಹೇಳಿರಬೇಕು.

ಇನ್ವರ್ಟರ್ ಇರುವ ಮನೆಗಳಲ್ಲಿ ಅಂದಾಜು ಸ್ವಲ್ಪ ಏರುತ್ತದೆ. ಬ್ಯಾಟರಿಗೆ ತುಂಬುವಾಗಲೂ ತೆಗೆಯುವಾಗಲೂ ನಷ್ಟವಿರುವುದರಿಂದ ಬ್ಯಾಟರಿಯ ಮೇಲೆ ಉರಿದ ಒಂದು ಯೂನಿಟ್ ಬೆಳಕಿಗೆ ಮೀಟರಿನಲ್ಲಿ ಮೂರನೇ ಒಂದು ಪಾಲಿನಷ್ಟಾದರೂ ಹೆಚ್ಚು ಬೀಳುತ್ತದೆ. ಗಾಳಿಮಳೆಗೆ ಕೊಂಬೆ ಬಿದ್ದು ಲೈನ್ ಹೋದರೆ ಲೈನ್‌ಮನ್ ಕಾಡೊಳಗೆ ಹುಡುಕಿಕೊಂಡು ಹೋಗಬೇಕಾದ ಊರಿನಲ್ಲಿ ಈ ಹೆಚ್ಚಿನ ಖರ್ಚು ಅನಿವಾರ್ಯ. ದೀಪಕ್ಕಷ್ಟೇ ಆದರೆ ಒಳಗೇ ಬ್ಯಾಟರಿ ಇರುವ ಒಂದೆರಡು ಬಲ್ಬು ಸಾಕು.

ಅಂಗಡಿ ಮತ್ತು ಬೀದಿ

ಕೆಲಸದ ಜಾಗಕ್ಕೂ ಸೂತ್ರ ಒಂದೇ, ದರ ಬೇರೆ. ಅಂಗಡಿ, ಖಾನಾವಳಿಗಳು ವಾಣಿಜ್ಯ ದರಕ್ಕೆ ಸೇರುತ್ತವೆ. ತೆರಿಗೆ ಸೇರಿ ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿಯಬಹುದು. ದಾಂಡೇಲಿಯ ಪೇಟೆಯಲ್ಲಿ ದಿನಕ್ಕೆ 11 ತಾಸಿನಂತೆ ತಿಂಗಳಿಗೆ 26 ದಿನ ತೆರೆಯುವ ಅಂಗಡಿಯಲ್ಲಿ 20 ವ್ಯಾಟಿನ ಆರು ಟ್ಯೂಬು, ಸಂಜೆ 5 ತಾಸು ಉರಿಯುವ 40 ವ್ಯಾಟಿನ ಬೋರ್ಡು ಇದ್ದರೆ 39.5 ಯೂನಿಟ್, ಸುಮಾರು 316 ರೂಪಾಯಿ. ಚೋಕಿನ ಹಳೆಯ ಟ್ಯೂಬುಗಳಾದರೆ ಅವಕ್ಕೇ 85.8 ಯೂನಿಟ್. ಅಂಗಡಿಗೆ ಗೃಹಜ್ಯೋತಿ ಇಲ್ಲ. ಇಲ್ಲಿ ಉಳಿಸಿದ ಪ್ರತಿ ಯೂನಿಟ್ಟೂ ನೇರ ಗಲ್ಲಾಪೆಟ್ಟಿಗೆಗೆ. ಮೂರು ಪಾಳಿಯಲ್ಲಿ ನಡೆಯುವ ದಾಂಡೇಲಿಯ ಕಾಗದ ಕಾರ್ಖಾನೆಯಂಥ ಕಡೆ ಯಂತ್ರಗಳ ಖರ್ಚಿನ ಮುಂದೆ ದೀಪದ್ದು ಸಣ್ಣ ಪಾಲು. ಆದರೆ ಹಗಲಿರುಳು ಉರಿಯುವ ದೀಪವಾದ್ದರಿಂದ ಬದಲಿಸಿದ ಖರ್ಚು ಬೇಗ ಕೈಸೇರುತ್ತದೆ.

ಬೀದಿದೀಪದ ಬಿಲ್ಲು ಯಾರ ಮನೆಗೂ ಬರುವುದಿಲ್ಲ. ಕಟ್ಟುವುದು ಗ್ರಾಮ ಪಂಚಾಯಿತಿ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ. ಹಳ್ಳಿಗಳಿಗೆ ಆ ಬೆಳಕು ಬರಲು ದಶಕಗಳೇ ಹಿಡಿದವು. ಬಂದ ಮೇಲೆ ಅದರ ಲೆಕ್ಕ ಕೇಳುವವರು ಕಡಿಮೆ. 150 ವ್ಯಾಟಿನ ಸೋಡಿಯಂ ದೀಪ, ಚೋಕ್ ಸೇರಿ 170 ವ್ಯಾಟಿನಂತೆ, ರಾತ್ರಿ 12 ತಾಸು ಉರಿದರೆ ಒಂದು ಕಂಬಕ್ಕೆ ತಿಂಗಳಿಗೆ 61 ಯೂನಿಟ್. 24 ವ್ಯಾಟಿನ ಎಲ್‌ಇಡಿಗೆ 8.6. ಸಂಜೆ ಹಚ್ಚಿ ಬೆಳಿಗ್ಗೆ ಆರಿಸುವ ಹೊಣೆ ಹಲವು ಕಡೆ ಪಂಚಾಯಿತಿಯ ನೀರುಗಂಟಿಯ ಮೇಲಿದೆ. ನೀರು ಬಿಡುವ ಓಡಾಟದಲ್ಲಿ ಅವರು ಒಂದು ಕಡೆ ತಲುಪುವುದು ತಡವಾದರೆ ಅಥವಾ ಸ್ವಿಚ್ಚೇ ಕೆಟ್ಟಿದ್ದರೆ ಕಂಬ ಹಗಲೂ ಉರಿಯುತ್ತದೆ, ಖರ್ಚು ಇಮ್ಮಡಿಯಾಗುತ್ತದೆ. ಹೊತ್ತಿಗೆ ಸರಿಯಾಗಿ ತಾನೇ ಹತ್ತಿ ಆರುವ ಟೈಮರ್ ಸ್ವಿಚ್ ಇದಕ್ಕೆ ಸರಳ ಪರಿಹಾರ.

ಪಂಚಾಯಿತಿ ಕಟ್ಟುವ ಬೀದಿದೀಪದ ಬಿಲ್ಲು ಊರಿನ ತೆರಿಗೆ ಹಣದಿಂದಲೂ ಸರ್ಕಾರದ ಅನುದಾನದಿಂದಲೂ ಹೋಗುತ್ತದೆ. ಮುಂದಿನ ಗ್ರಾಮಸಭೆಗೆ ಹೋಗುವವರು ಊರಿನಲ್ಲಿ ಕಂಬಗಳೆಷ್ಟು, ಪ್ರತಿ ಕಂಬದ ದೀಪ ಎಷ್ಟು ವ್ಯಾಟಿನದು, ತಿಂಗಳ ಬಿಲ್ಲು ಎಷ್ಟು ಎಂದು ಕೇಳಿ ಬರೆದುಕೊಳ್ಳಲಿ. ಕಂಬಗಳನ್ನು ಎಣಿಸಿ ಮೇಲಿನ ಸೂತ್ರದಿಂದ ಗುಣಿಸಿದರೆ ಬಿಲ್ಲು ಹೊಂದುತ್ತದೆಯೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ; ಹೊಂದದಿದ್ದರೆ ಕಾರಣವನ್ನು ಕೇಳುವ ಹಕ್ಕು ಊರಿನ ಎಲ್ಲರಿಗೂ ಇದೆ.